ದಮ್ಮು ಬಂತೆಂದು ಕಾಲು ಬಂದಂತಲ್ಲ

ಉಡುಪಿ

ಚಿ. ಪ್ರಶಾಂತನಿಗೆ ಮಾವನ ಆಶೀರ್ವಾದಗಳು.

ಮುಂಗಾಲಿನ ಊತ ಇಳಿದಿದೆ, ಕುದುರೆ ಲಾಯದಲ್ಲಿ ಕುಣಿಯುತ್ತಿದೆ, ಎರಡು ತಿಂಗಳಲ್ಲಿ ರೇಸಿಗೆ ಇಳಿಸಿ ಎಂದು ಮಾಲೀಕರು ಹೇಳುತ್ತಿದ್ದಾರೆ ಎಂದು ಬರೆದಿದ್ದೀ. ಒಪ್ಪಬೇಡ ಮಾರಾಯ. ದಮ್ಮು ಕೆಲವು ವಾರಗಳ ತಾಲೀಮಿನಲ್ಲಿ ಮರಳುತ್ತದೆ. ಹರಿದ ಟೆಂಡನ್ (ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರು) ಕೂಡಲು 9ರಿಂದ 12 ತಿಂಗಳು ಬೇಕು. ಚಾಂಪಿಯನ್ ಕುದುರೆಗಳು ಹಾಳಾಗುವುದು ಹೆಚ್ಚಾಗಿ ಈ ನಡುವಿನ ತಿಂಗಳುಗಳಲ್ಲೇ.

ಮಾಲೀಕರು ಜಪಾನಿನ ರೇಸ್ ಕುದುರೆ ಟೋಕಾಯ್ ಟೇಯೋ ಹೆಸರು ಎತ್ತುತ್ತಾರಂತೆ. 1991ರ ಡರ್ಬಿ ಗೆದ್ದ ಮೇಲೆ ಅದರ ಎಲುಬು ಮುರಿದದ್ದು ತಿಳಿಯಿತು, ಆಮೇಲೂ ಪದೇ ಪದೇ ಮುರಿಯಿತು. 364 ದಿನಗಳ ಬಿಡುವಿನ ನಂತರ 1993ರ ಅರಿಮಾ ಕಿನೆನ್ ರೇಸ್ ಗೆದ್ದಿತು, ನಿಜ. ಆದರೆ ಆ ಬಿಡುವು ಹತ್ತಿರ ಹತ್ತಿರ ಒಂದು ವರ್ಷದ್ದು, ಎರಡು ತಿಂಗಳಿನದ್ದಲ್ಲ! ಮತ್ತೆ, ಅಲ್ಲಿ ಮುರಿದದ್ದು ಎಲುಬು. ಎಲುಬು ಎಲುಬಾಗಿಯೇ ಕೂಡುತ್ತದೆ. ಟೆಂಡನ್ ಕೂಡುವುದು ಗಾಯದ ಕಲೆಯ ನಾರಿನಿಂದ. ಅದಕ್ಕೆ ಮೊದಲಿನ ಎಳೆತ ಇರುವುದಿಲ್ಲ, ಮತ್ತೆ ಹರಿಯುವುದು ಅದರ ಪಕ್ಕದಲ್ಲೇ.

ಕಂಬಳದ ಕೋಣದ ಲೆಕ್ಕ ಇಲ್ಲಿ ಹಾಕಬೇಡ. ಕೋಣ ಓಡುವ ಕರೆ 150 ಮೀಟರ್ ಆಸುಪಾಸು, ಕೆಳಗೆ ಕೆಸರು. 500 ಕಿಲೋ ತೂಗುವ ರೇಸ್ ಕುದುರೆ ಗ್ಯಾಲಪ್ (ನಾಗಾಲೋಟ) ಮಾಡುವಾಗ ಒಂದೊಂದು ಮುಂಗಾಲಿನ ಮೇಲೆ ಮೈಭಾರದ ಎರಡೂವರೆ ಪಟ್ಟು ಬೀಳುತ್ತದೆ.

ಈಗ ದಿನಕ್ಕೆ 10 ನಿಮಿಷ ಕೈಯಲ್ಲಿ ಹಿಡಿದು ಗಟ್ಟಿ, ಸಮ ನೆಲದ ಮೇಲೆ ನಡೆಸು. ವಾರಕ್ಕೆ 5 ನಿಮಿಷ ಏರಿಸು. ಟ್ರಾಟ್ (ಕುಕ್ಕುಲೋಟ) ನಾಲ್ಕನೇ ತಿಂಗಳ ನಂತರ, ಕ್ಯಾಂಟರ್ (ಅದಕ್ಕಿಂತ ಚುರುಕಾದ ಹದ ಓಟ) ಏಳೆಂಟು ತಿಂಗಳ ಹೊತ್ತಿಗೆ, ಅದೂ ಸ್ಕ್ಯಾನ್ ಒಪ್ಪಿದರೆ. ಓಟ್ಸ್ ಕಡಿಮೆ ಮಾಡಿ ಹುಲ್ಲು ಹೆಚ್ಚಿಸು. ಸುಮ್ಮನೆ ನಿಂತ ಕುದುರೆಗೆ ಧಾನ್ಯ ಜಾಸ್ತಿಯಾದರೆ ಸ್ನಾಯು ಬಿಗಿದು ನಿಲ್ಲುತ್ತದೆ, ಹೊಟ್ಟೆಶೂಲೆಯೂ ಬರಬಹುದು. ಕಾಲಿಗೆ ಬರೆ ಹಾಕುವ ಹಳೆಯ ಚಿಕಿತ್ಸೆಗೆ ಯಾರು ಹೇಳಿದರೂ ಕೈ ಹಾಕಬೇಡ, ನೋವಲ್ಲದೆ ಏನೂ ಸಿಗುವುದಿಲ್ಲ.

ಪ್ರತಿ ಬೆಳಿಗ್ಗೆ ವ್ಯಾಯಾಮಕ್ಕೆ ಮೊದಲು ಮೊಣಕಾಲಿನಿಂದ ಫೆಟ್‌ಲಾಕ್‌ವರೆಗೆ (ಗೊರಸಿನ ಮೇಲಿನ ಗಂಟು) ಕಾಲಿನ ಹಿಂಬದಿಗೆ ಅಂಗೈ ಸವರು, ಎರಡೂ ಕಾಲಿಗೆ. ಒಂದು ಕಡೆ ಬಿಸಿ ಅಥವಾ ದಪ್ಪ ಅನಿಸಿದರೆ ಅಂದಿನ ಕೆಲಸ ರದ್ದು, 20 ನಿಮಿಷ ತಣ್ಣೀರು. ಕುದುರೆ ನೋಡಿಕೊಳ್ಳುವ ಸೈಸ್‌ಗೂ ಇದನ್ನು ಕಲಿಸು, ಕಾಲನ್ನು ನಿನಗಿಂತ ಹೆಚ್ಚು ಮುಟ್ಟುವವನು ಅವನೇ. ನೋವಿನ ಮದ್ದು ಕೊಟ್ಟ ದಿನ ಕುಂಟು ಕಾಣಲಿಲ್ಲ ಎಂದು ಏನನ್ನೂ ತೀರ್ಮಾನಿಸಬೇಡ.

ಮುಂದಿನ ಸ್ಕ್ಯಾನ್ ಮಾಡಿಸಿದಾಗ ಎರಡೂ ಕಾಲಿನ ಚಿತ್ರ ಕಳುಹಿಸು. ಮೊಣಕಾಲಿನ ಹಿಂದಿನ ಎಲುಬಿನಿಂದ ಎಷ್ಟು ಸೆಂ.ಮೀ. ಕೆಳಗೆ ತೆಗೆದದ್ದು ಎಂದು ಪ್ರತಿ ಚಿತ್ರದ ಮೇಲೂ ಬರೆದಿರಲಿ. ಇಲ್ಲದಿದ್ದರೆ ಹಳೆಯದಕ್ಕೆ ಹೋಲಿಸಲು ಆಗುವುದಿಲ್ಲ.

ಇಂತಿ,
ನಿನ್ನ ಮಾವ