ಹಾಲಿನ ಲೆಕ್ಕ ಕೇಳಿದ ಅಪ್ಪನೂ ಜೈಲಿಗೆ ಹೋದ

ಮಾನ್ಯ ಸಂಪಾದಕರೇ,

ಹಾಲಿನ ಕಲಬೆರಕೆ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಓದುಗರ ಪತ್ರವೊಂದನ್ನು ನೋಡಿದೆ. ‘ಚೀನಾದಲ್ಲಾಗಿದ್ದರೆ ಇಂಥವರಿಗೆ ಮರಣದಂಡನೆ ಆಗುತ್ತಿತ್ತು, ನಮ್ಮಲ್ಲಿ ಪ್ರಜಾಪ್ರಭುತ್ವ ಜಾಸ್ತಿಯಾಗಿದೆ’ ಎಂದು ಬರೆದಿದ್ದಾರೆ. ಹೊಸ ಮಾತೇನಲ್ಲ. ಅರಳಿಕಟ್ಟೆಯಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಲೇ ಇರುತ್ತೇನೆ. ರಸ್ತೆಯಲ್ಲಿ ಗುಂಡಿ ಬಿದ್ದರೆ ಚೀನಾ, ರೈಲು ತಡವಾದರೆ ಚೀನಾ. ಅವರ ರೈಲು ಜೋರಾಗಿ ಓಡುತ್ತದೆ, ಒಪ್ಪುತ್ತೇನೆ. ಕೋಟ್ಯಂತರ ಜನ ಬಡತನದಿಂದ ಮೇಲೆ ಬಂದಿದ್ದಾರೆ, ಅದನ್ನೂ ಒಪ್ಪುತ್ತೇನೆ. ಆದರೆ ನಾನು ಇಪ್ಪತ್ತಾರು ವರ್ಷ ಹಳ್ಳಿ ಡೇರಿಯ ಕಾರ್ಯದರ್ಶಿಯಾಗಿದ್ದವನು. ಹಾಲಿನ ವಿಷಯ ಬಂದಾಗ ಸುಮ್ನೆ ಕೂರಲು ಆಗಲಿಲ್ಲ.

ಪತ್ರ ಬರೆದವರು ಹೇಳಿದ್ದು ಸುಳ್ಳಲ್ಲ. ಹಾಲಿಗೆ ವಿಷ ಬೆರೆಸಿದ ಪ್ರಕರಣದಲ್ಲಿ 2009ರ ನವೆಂಬರ್‌ನಲ್ಲಿ ಚೀನಾ ಇಬ್ಬರಿಗೆ ಮರಣದಂಡನೆ ಜಾರಿ ಮಾಡಿತು. ನಮ್ಮ ಜನಕ್ಕೆ ಇಷ್ಟು ಮಾತ್ರ ಗೊತ್ತು. ಅದರ ಹಿಂದಿನದೂ ಮುಂದಿನದೂ ಯಾರೂ ಹೇಳುವುದಿಲ್ಲ.

ಹಾಲಿಗೆ ನೀರು ಹಾಕಿದರೆ ಪ್ರೋಟೀನ್ ಕಡಿಮೆಯಾಗುತ್ತದೆ. ಅಲ್ಲಿನ ಪರೀಕ್ಷೆ ಪ್ರೋಟೀನನ್ನು ನೇರವಾಗಿ ಅಳೆಯುತ್ತಿರಲಿಲ್ಲ. ಹಾಲಿನಲ್ಲಿ ಸಾರಜನಕ ಎಷ್ಟಿದೆ ಎಂದು ನೋಡಿ, ಅದರ ಮೇಲೆ ಪ್ರೋಟೀನ್ ಲೆಕ್ಕ ಹಾಕುತ್ತಿದ್ದರು. ಮೆಲಮೈನ್ ಎಂಬ ಬಿಳಿ ಪುಡಿಯಿದೆ, ಪ್ಲಾಸ್ಟಿಕ್ ತಟ್ಟೆ ಮಾಡಲು ಬಳಸುವಂಥದ್ದು. ಅದರ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕವೇ. ನೀರು ಸುರಿ, ಪುಡಿ ಹಾಕು, ಪರೀಕ್ಷೆಯಲ್ಲಿ ಹಾಲು ಪಾಸ್. ಹಾಲು ಎಷ್ಟು ಗಟ್ಟಿ ಎಂದು ತೋರಿಸುವ ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ಬರಲಿ ಅಂತ ಸಕ್ಕರೆ, ಉಪ್ಪು ಹಾಕಿ ತರುವವರನ್ನು ನಾನೂ ಕಂಡಿದ್ದೇನೆ. ಉಪಾಯ ಅದೇ, ಸಾಮಾನು ಬೇರೆ. ಈ ಪುಡಿ ಮಾತ್ರ ಕೂಸುಗಳ ಕಿಡ್ನಿಯಲ್ಲಿ ಕಲ್ಲಾಯಿತು. ಚೀನಾ ಸರ್ಕಾರದ ಲೆಕ್ಕದಲ್ಲೇ ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, 6 ಮಕ್ಕಳು ಸತ್ತರು.

ಈಗ ತಾರೀಕುಗಳನ್ನು ನೋಡಿ. ಮಕ್ಕಳ ಹಾಲಿನ ಪುಡಿ ಮಾಡುತ್ತಿದ್ದ ಸಾನ್‌ಲು ಅನ್ನುವ ದೊಡ್ಡ ಕಂಪನಿಗೆ 2007ರ ಡಿಸೆಂಬರ್‌ನಿಂದಲೇ ದೂರುಗಳು ಬರುತ್ತಿದ್ದವು. 2008ರ ಆಗಸ್ಟ್ 2ರಂದು ಕಂಪನಿ ತನ್ನ ಊರಿನ ನಗರಾಡಳಿತಕ್ಕೆ ವಿಷಯ ತಿಳಿಸಿತು. ಆಗಸ್ಟ್ 8ಕ್ಕೆ ಬೀಜಿಂಗ್ ಒಲಿಂಪಿಕ್ಸ್. ಮನೆಗೆ ನೆಂಟರು ಬರುವಾಗ ಯಾರು ಹೊಲಸು ತೆಗೆಯುತ್ತಾರೆ? ನಗರಾಡಳಿತ ಒಂದು ತಿಂಗಳಿಗೂ ಹೆಚ್ಚು ಕಾಲ ಬಾಯಿ ಮುಚ್ಚಿಕೊಂಡು ಕೂತಿತು. ಆ ದಿನಗಳಲ್ಲಿ ಆಹಾರದ ಸುರಕ್ಷತೆ ಬಗ್ಗೆ ಸುದ್ದಿ ಮಾಡಬಾರದು ಎಂದು ಅಲ್ಲಿನ ಪತ್ರಿಕೆಗಳಿಗೂ ಸೂಚನೆ ಇತ್ತು. ಆ ಒಂದು ತಿಂಗಳು ಮಕ್ಕಳ ಬಾಟಲಿಗೆ ಅದೇ ಪುಡಿ ಬೀಳುತ್ತಲೇ ಇತ್ತು.

ಕೊನೆಗೆ ಬೀಜಿಂಗಿಗೆ ಈ ಸುದ್ದಿ ಮುಟ್ಟಿದ್ದು ಹೇಗೆ ಗೊತ್ತಾ? ಸಾನ್‌ಲುವಿನಲ್ಲಿ ಪಾಲಿದ್ದ ನ್ಯೂಜಿಲೆಂಡ್ ಕಂಪನಿಯೊಂದು ತನ್ನ ಸರ್ಕಾರದ ಕಿವಿಗೆ ಹಾಕಿತು. ಅಲ್ಲಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ನೇರವಾಗಿ ಬೀಜಿಂಗಿಗೆ ತಿಳಿಸಿ ಎಂದರು. ಸೆಪ್ಟೆಂಬರ್ 11ರಂದು ಶಾಂಘೈನ ಪತ್ರಕರ್ತರೊಬ್ಬರು ಧೈರ್ಯ ಮಾಡಿ ಕಂಪನಿಯ ಹೆಸರು ಹಾಕಿ ಬರೆದರು. ಅಷ್ಟು ಬಿಗಿ ಆಡಳಿತದ ದೇಶದಲ್ಲಿ ಸ್ವಂತ ಮಕ್ಕಳ ಹಾಲಿನ ಸುದ್ದಿ ದೊರೆಗೆ ತಲುಪಬೇಕಾದರೆ ಸಮುದ್ರದಾಚೆಯ ಪರದೇಶದವರು ಹೇಳಬೇಕಾಯಿತು.

ಆಮೇಲೆ ಶಿಕ್ಷೆ. ಇಬ್ಬರಿಗೆ ಮರಣದಂಡನೆ, ಕಂಪನಿಯ ಮುಖ್ಯಸ್ಥೆಗೆ ಜೀವಾವಧಿ. ನಮ್ಮವರು ಚಪ್ಪಾಳೆ ಹೊಡೆಯುವುದು ಇಲ್ಲಿಗೇ. ಬೀಜಿಂಗಿನಲ್ಲಿ ಝಾವ್ ಲಿಯಾನ್‌ಹಾಯ್ ಎಂಬ ಒಬ್ಬ ಅಪ್ಪ ಇದ್ದರು. ಅವರ ಮಗುವಿಗೂ ಕಿಡ್ನಿಯಲ್ಲಿ ಕಲ್ಲಾಗಿತ್ತು. ಅವರು ಒಂದು ವೆಬ್‌ಸೈಟ್ ಮಾಡಿ ಇಂಥ ಮಕ್ಕಳ ತಂದೆ ತಾಯಿಯರನ್ನು ಒಟ್ಟುಗೂಡಿಸಿದರು. ಪರಿಹಾರ ಕೇಳಿದರು, ಲೆಕ್ಕ ಕೇಳಿದರು. 2009ರ ನವೆಂಬರ್‌ನಲ್ಲಿ, ಅಂದರೆ ಆ ಇಬ್ಬರಿಗೆ ಮರಣದಂಡನೆಯಾದ ತಿಂಗಳಲ್ಲೇ, ಪೊಲೀಸರು ಇವರನ್ನೂ ಹಿಡಿದರು. ಒಂದು ವರ್ಷದ ಮೇಲೆ ಎರಡೂವರೆ ವರ್ಷ ಜೈಲು ಅಂತ ತೀರ್ಪು ಬಂತು. ಜಗಳ ಕೆದಕಿ ಗೊಂದಲ ಎಬ್ಬಿಸಿದ್ದೇ ಇವರ ಅಪರಾಧವಂತೆ. ವಿಷ ಹಾಕಿದವನೂ ಒಳಗೆ, ವಿಷ ಯಾಕೆ ಹಾಕಿದಿರಿ ಎಂದವನೂ ಒಳಗೆ.

ಇಷ್ಟೆಲ್ಲ ಕಠಿಣ ಶಿಕ್ಷೆಯಾದ ಮೇಲೆ ಅಲ್ಲಿನ ತಾಯಂದಿರಿಗೆ ನಂಬಿಕೆ ಬಂತಾ? 2013ರ ಮಾರ್ಚ್‌ನಲ್ಲಿ ಹಾಂಗ್‌ಕಾಂಗ್ ಒಂದು ನಿಯಮ ತಂದಿತು. ಊರು ಬಿಟ್ಟು ಹೊರಗೆ ಹೋಗುವವರು ಎರಡು ಡಬ್ಬಿಗಿಂತ ಜಾಸ್ತಿ ಮಕ್ಕಳ ಹಾಲಿನ ಪುಡಿ ಒಯ್ಯುವಂತಿಲ್ಲ. ಒಳನಾಡಿನ ಚೀನೀಯರು ಬಂದು ಅಂಗಡಿ ಅಂಗಡಿ ಖಾಲಿ ಮಾಡುತ್ತಿದ್ದರು. ಹೆಚ್ಚಿನ ಜನ ಸರ್ಕಾರಕ್ಕೆ ಎದುರಾಡಲಿಲ್ಲ, ಆದರೆ ಮಗುವಿನ ಬಾಟಲಿಗೆ ಬೇರೆ ಕಡೆಯ ಪುಡಿ ಹಾಕಿದರು. ಭಾರತವೂ 2008ರಲ್ಲೇ ಚೀನಾದ ಹಾಲಿನ ಪದಾರ್ಥಗಳಿಗೆ ನಿಷೇಧ ಹಾಕಿ ವರ್ಷಗಟ್ಟಲೆ ಮುಂದುವರಿಸಿತು.

ಇನ್ನು ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ನಮ್ಮ ಡೇರಿಗೆ ಒಬ್ಬ ಅಜ್ಜಿ ಎಮ್ಮೆ ಹಾಲು ಹಾಕುತ್ತಿದ್ದರು. ಒಂದಷ್ಟು ದಿನ ಅವರ ಹಾಲಿನ ಫ್ಯಾಟು, ಅಂದರೆ ದರ ಕಟ್ಟಲು ನೋಡುವ ಕೊಬ್ಬಿನಂಶ, ಇಳಿಯುತ್ತಾ ಬಂತು. 6.8 ಬರುತ್ತಿದ್ದದ್ದು 6ಕ್ಕೂ ಕೆಳಗೆ ಬಂತು. ನಾನು ‘ಮೇವು ಸರಿ ಹಾಕಜ್ಜಿ’ ಎಂದು ಸಾಗಹಾಕಿದೆ. ಅಜ್ಜಿ ಬಿಡಲಿಲ್ಲ. ಸರ್ವಸದಸ್ಯರ ಸಭೆಯಲ್ಲಿ ಅಧ್ಯಕ್ಷರ ಎದುರೇ ಎದ್ದು ನಿಂತು, ‘ನನ್ನೆಮ್ಮೆ ಸುಳ್ಳು ಹೇಳ್ತದಾ, ನಿನ್ ಮಿಸೀನ್ ಸುಳ್ಳು ಹೇಳ್ತದಾ, ಹೇಳು’ ಎಂದರು. ಸಭೆಯೆಲ್ಲ ನಕ್ಕಿತು. ನನಗೆ ಮೈ ಉರಿದುಹೋಯಿತು. ಇವರ ಬಾಯಿ ಮುಚ್ಚಿಸುವವರು ಯಾರೂ ಇಲ್ಲವಾ ಅಂತ ನಿಜವಾಗಿ ಅನ್ನಿಸಿತು. ಮಾರನೇ ದಿನ ಅದೇ ಹಾಲನ್ನು ಪಕ್ಕದೂರಿನ ಡೇರಿಯಲ್ಲಿ ನೋಡಿಸಿದರೆ 6.7. ನಮ್ಮ ಮಷೀನಿನ ಕೊಳವೆಯೊಳಗೆ ಜಿಡ್ಡು ಕಟ್ಟಿಕೊಂಡಿತ್ತು. ತೊಳೆಯಬೇಕಾದವನು ನಾನೇ. ಅಜ್ಜಿಗೆ ಮಾತ್ರವಲ್ಲ, ಹಾಲು ಹಾಕುವ ಎಲ್ಲರಿಗೂ ದುಡ್ಡು ಕಡಿಮೆ ಹೋಗಿತ್ತು. ವ್ಯತ್ಯಾಸ ಕಟ್ಟಿಕೊಟ್ಟೆವು.

ಆವತ್ತಿನಿಂದ ಒಂದು ಗಮನಿಸಿದ್ದೇನೆ. ಚೀನಾ ಥರ ಆಡಳಿತ ಬೇಕು ಎನ್ನುವವರೆಲ್ಲ ಮನಸ್ಸಿನಲ್ಲಿ ಮಷೀನಿನ ಹಿಂದಿನ ಕುರ್ಚಿಯಲ್ಲಿ ಕೂತಿರುತ್ತಾರೆ. ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಂತೆ ಯಾರೂ ಅಂದುಕೊಳ್ಳುವುದಿಲ್ಲ.

ನಮ್ಮದು ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ನಮ್ಮ ಹಾಲಿಗೂ ಯೂರಿಯಾ ಬೀಳುತ್ತದೆ, ಕೇಸುಗಳು ವರ್ಷಗಟ್ಟಲೆ ಎಳೆಯುತ್ತವೆ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಮೂವತ್ತು ದಿನದಲ್ಲಿ ಉತ್ತರ ಬರಬೇಕು, ಎಷ್ಟೋ ಸಲ ಬರುವುದಿಲ್ಲ. ಆ ಕಾಯ್ದೆಯನ್ನೂ 2019ರಲ್ಲಿ ತಿದ್ದಿ, ಮಾಹಿತಿ ಆಯುಕ್ತರ ಅವಧಿ, ಸಂಬಳ ನಿಗದಿ ಮಾಡುವ ಅಧಿಕಾರವನ್ನು ಕೇಂದ್ರ ಸರ್ಕಾರ ಇಟ್ಟುಕೊಂಡಿತು. ‘ಪ್ರಜಾಪ್ರಭುತ್ವ ಜಾಸ್ತಿಯಾಗಿದೆ’ ಎನ್ನುತ್ತಾರಲ್ಲ, ಎಲ್ಲಿ ಜಾಸ್ತಿಯಾಗಿದೆಯೋ ನನಗಂತೂ ಕಾಣುತ್ತಿಲ್ಲ. ತುರ್ತು ಪರಿಸ್ಥಿತಿಯಲ್ಲಿ ನಾನು ಹೈಸ್ಕೂಲು ಹುಡುಗ. ರೈಲು ಟೈಮಿಗೆ ಬರುತ್ತಿದೆ, ಆಫೀಸರುಗಳು ಟೈಮಿಗೆ ಬರುತ್ತಿದ್ದಾರೆ ಎಂದು ಆಗಲೂ ದೊಡ್ಡವರು ಹೊಗಳುತ್ತಿದ್ದರು. ವಾಜಪೇಯಿ, ಅಡ್ವಾಣಿಯವರನ್ನು ಕೂಡಿಹಾಕಿದ್ದ ಬೆಂಗಳೂರಿನ ಜೈಲು ಈಗ ಫ್ರೀಡಂ ಪಾರ್ಕ್ ಆಗಿದೆ. ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡುವುದಾದರೆ ಅದರೊಳಗೇ ಮಾಡಿ ಎನ್ನುತ್ತಾರೆ ಈಗ, ಅದು ಬೇರೆ ಮಾತು.

ಕಲಬೆರಕೆ ಬಗ್ಗೆ ಬರೆದ ಆ ಓದುಗರ ಸಿಟ್ಟು ನ್ಯಾಯವಾದದ್ದೇ. ಸೆಪ್ಟೆಂಬರ್ ಹೊತ್ತಿಗೆ ಡೇರಿಗಳಲ್ಲಿ ಸರ್ವಸದಸ್ಯರ ಸಭೆ ನಡೆಯುತ್ತದೆ. ಅವರು ಹಾಲು ಹಾಕುವ ಸದಸ್ಯರಾಗಿದ್ದರೆ ದಯವಿಟ್ಟು ಹೋಗಲಿ. ಪರೀಕ್ಷೆಯ ಪುಸ್ತಕ ತೋರಿಸಿ, ಮಷೀನು ಯಾವಾಗ ತೊಳೆದಿರಿ ಎಂದು ಎದ್ದು ನಿಂತು ಕೇಳಲಿ. ಕಾರ್ಯದರ್ಶಿಗೆ ಸಿಟ್ಟು ಬರುತ್ತದೆ. ನನಗೂ ಬಂದಿತ್ತು.

— ನಿವೃತ್ತ ಡೇರಿ ಕಾರ್ಯದರ್ಶಿ, ಮಂಡ್ಯ ಜಿಲ್ಲೆ