ಮೆಡಿಕಲ್‌ಗಳ ಪುಸ್ತಕ ತೆರೆಸಿ ನೋಡಿ: ಗಡಿನಾಡಿನ ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಡಾಕ್ಟರ ಚೀಟಿ ಕೇಳದೆ ಟ್ರಾಮಡಾಲ್ ಎಂಬ ನೋವಿನ ಮದ್ದು ಕೊಡುವ ಮೆಡಿಕಲ್‌ಗಳಿವೆ. ಈ ಮದ್ದು 2014ರ ಮಾರ್ಚಿನಿಂದ ಎಚ್‌1 ಪಟ್ಟಿಯಲ್ಲಿದೆ, ಎಂದರೆ ಚೀಟಿ ಇದ್ದರೆ ಮಾತ್ರ ಕೊಟ್ಟು, ಕೊಟ್ಟದ್ದನ್ನು ಬರೆದಿಡಬೇಕಾದ ಮದ್ದುಗಳ ಪಟ್ಟಿ. 2018ರ ಏಪ್ರಿಲ್‌ನಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಡಿಗೂ ಬಂತು. ಇದೆಲ್ಲ ತಮಗೆ ತಿಳಿದದ್ದೇ, ನಾನು ಹೇಳಿಕೊಡಬೇಕಾದ್ದಿಲ್ಲ. ಎಚ್‌1 ಮದ್ದಿಗೆ ಪ್ರತ್ಯೇಕ ಪುಸ್ತಕ ಇಡಬೇಕೆಂದು ನಿಯಮವಿದ್ದೂ ಆ ಪುಸ್ತಕವನ್ನು ತೆರೆಸಿ ನೋಡುವವರು ಯಾಕಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ಕಳೆದ ಮಳೆಗಾಲದ ಒಂದು ಸಂಗತಿ ಹೇಳಲೇಬೇಕು. ಅಡಿಕೆ ಮರ ಹತ್ತುವ ಕೆಲಸದ ಒಬ್ಬರಿಗೆ ಸೊಂಟನೋವೆಂದು ಡಾಕ್ಟರು 50 ಮಿ.ಗ್ರಾಂ. ಟ್ರಾಮಡಾಲ್ ಬರೆದರು, ದಿನಕ್ಕೆ ಎರಡರಂತೆ ಐದು ದಿನಕ್ಕೆ. ಐದು ದಿನ ಮುಗಿದ ಮೇಲೆ ಅವರು ಖಾಲಿ ಸ್ಟ್ರಿಪ್ಪಿನ ತುಂಡು ಹಿಡಿದು ಮೆಡಿಕಲ್‌ಗೆ ಹೋದರು. ಅಲ್ಲಿ ಆ ತುಂಡೇ ಚೀಟಿಯಾಯಿತು. ತಿಂಗಳು ಕಳೆಯುವಷ್ಟರಲ್ಲಿ ಐವತ್ತರದ್ದು ಸಾಲದಾಯಿತು. ‘ಪವರಿನದ್ದು ಇದೆ’ ಎಂದು ಕೌಂಟರಿನಲ್ಲಿದ್ದವರು 100ರ ಎಸ್‌ಆರ್ ಗುಳಿಗೆ ಕೊಟ್ಟರು. ಎಸ್‌ಆರ್ ಗುಳಿಗೆಯನ್ನು ಇಡಿಯಾಗಿ ನುಂಗಬೇಕು, ಅದು ಹನ್ನೆರಡು ಗಂಟೆ ಕಾಲ ಸ್ವಲ್ಪ ಸ್ವಲ್ಪವೇ ಮದ್ದು ಬಿಡುತ್ತದೆ. ಅಗಿದರೆ ಅಷ್ಟೂ ಮದ್ದು ಒಮ್ಮೆಲೇ ರಕ್ತಕ್ಕೆ ಸೇರಿ ಬೇಗ ಇಳಿದುಹೋಗುತ್ತದೆ, ಮತ್ತೊಂದು ಬೇಕೆನಿಸುತ್ತದೆ. ಕವರಿನ ಮೇಲೆ ಬರೆದುಕೊಟ್ಟದ್ದು ಮಲಯಾಳದಲ್ಲಿ, ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ನೋವು ಬೇಗ ಹೋಗಲೆಂದು ಅಗಿದೇ ತಿನ್ನುತ್ತಿದ್ದರು, ದಿನಕ್ಕೆ ಆರು. ಒಟ್ಟು 600 ಮಿ.ಗ್ರಾಂ. ಆಯಿತು. ದೊಡ್ಡವರಿಗೆ ದಿನದ ಮೇಲ್ಮಿತಿಯೇ 400.

ಈ ನಡುವೆ ಕಾಲಿನ ನರಸೆಳೆತಕ್ಕೆ ಮಂಗಳೂರಿನ ಡಾಕ್ಟರೊಬ್ಬರು ಅಮಿಟ್ರಿಪ್ಟಿಲಿನ್ ಬರೆದರು. ಟ್ರಾಮಡಾಲ್ ತಿನ್ನುತ್ತಿರುವುದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ, ಅದು ಯಾವ ಚೀಟಿಯಲ್ಲೂ ಇರಲಿಲ್ಲವಲ್ಲ. ಒಂದು ಬೆಳಿಗ್ಗೆ ಮರ ಹತ್ತುವ ತಳೆ ಹಿಡಿದು ತೋಟಕ್ಕೆ ಹೊರಟವರು ಫಿಟ್ಸ್ ಬಂದು ಅಂಗಳದಲ್ಲಿ ಬಿದ್ದರು. ನಾಲಗೆ ಕಚ್ಚಿ ಬಾಯಿ ತುಂಬ ರಕ್ತ. ಇನ್ನೊಂದಿಷ್ಟು ಹೊತ್ತು ಕಳೆದಿದ್ದರೆ ಮರದ ತುದಿಯಲ್ಲಿರುತ್ತಿದ್ದರು. ಆಸ್ಪತ್ರೆಯಲ್ಲಿ ಫಿಟ್ಸಿಗೆ ಮದ್ದು ಕೊಟ್ಟು ಕಳಿಸಿದರು. ನೋವಿನ ಗುಳಿಗೆಯ ಬಗ್ಗೆ ಅಲ್ಲಿ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಮನೆಗೆ ಬಂದ ವಾರದೊಳಗೆ ಅದೇ ಅಂಗಡಿಯಿಂದ ಅದೇ ಸ್ಟ್ರಿಪ್. ಅವರು ಬಿದ್ದದ್ದು ಊರಿಗೆಲ್ಲ ಗೊತ್ತಿತ್ತು, ಕೌಂಟರಿನವರಿಗೂ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟರು ಸ್ವಾಮೀ! ಇದನ್ನು ವ್ಯಾಪಾರ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಟ್ರಾಮಡಾಲನ್ನು ಜನ ಪ್ಯಾರಾಸಿಟಮಾಲಿನ ಅಣ್ಣ ಎಂಬಂತೆ ನೋಡುತ್ತಾರೆ. ಅದು ಅಫೀಮಿನಿಂದ ಬರುವ ಮಾರ್ಫಿನ್‌ನ ಸಾಲಿಗೆ ಸೇರಿದ ಮದ್ದು, ಮಿದುಳಿನಲ್ಲಿ ಅದೇ ಜಾಗವನ್ನು ಹಿಡಿಯುತ್ತದೆ. ಜೊತೆಗೆ ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕವನ್ನು ಏರಿಸುತ್ತದೆ. ಖಿನ್ನತೆಗೂ ನರನೋವಿಗೂ ಕೊಡುವ, ಅಮಿಟ್ರಿಪ್ಟಿಲಿನ್‌ನಂಥ ಹಲವು ಗುಳಿಗೆಗಳು ಮಾಡುವುದೂ ಇದನ್ನೇ. ಎರಡೂ ಸೇರಿದರೆ ನಡುಕ, ಜ್ವರ, ಗಲಿಬಿಲಿ, ಫಿಟ್ಸ್‌ಗಳ ಅಪಾಯ ಹೆಚ್ಚು. ಕಿಡ್ನಿ ಸರಿಯಿಲ್ಲದವರಲ್ಲಿ ಮದ್ದು ಹೊರಗೆ ಹೋಗದೆ ಮೈಯಲ್ಲೇ ಉಳಿಯುತ್ತದೆ. ವಯಸ್ಸಾದವರಿಗೆ ಮಲಬದ್ಧತೆ, ಮೂತ್ರ ಕಟ್ಟುವುದು, ತಲೆಸುತ್ತಿ ಬೀಳುವುದು. ಪ್ಯಾರಾಸಿಟಮಾಲ್ ಬೆರೆಸಿದ ಗುಳಿಗೆಯದ್ದು ಇನ್ನೊಂದು ಲೆಕ್ಕ. ಒಂದರಲ್ಲಿ ಟ್ರಾಮಡಾಲ್ 37.5, ಪ್ಯಾರಾಸಿಟಮಾಲ್ 325 ಮಿ.ಗ್ರಾಂ. ಇರುತ್ತದೆ. ಎಂಟು ತಿಂದವನ ಹೊಟ್ಟೆಗೆ 2,600 ಮಿ.ಗ್ರಾಂ. ಪ್ಯಾರಾಸಿಟಮಾಲ್ ಹೋಯಿತು. ಜ್ವರವೆಂದು ಮೂರು ಡೋಲೊ 650 ಸೇರಿಸಿದರೆ 4,550. ದಿನಕ್ಕೆ 4,000 ದಾಟಿದರೆ ಲಿವರಿಗೆ ಪೆಟ್ಟು, ಕುಡಿಯುವವರಿಗೆ ಅದಕ್ಕಿಂತ ಮೊದಲೇ.

ಎಲ್ಲಕ್ಕಿಂತ ಭಯ ಉಸಿರಿನದ್ದು. ನಿದ್ದೆಯ ಆಲ್‌ಪ್ರಜೋಲಾಮ್ ಜೊತೆ, ಸಂಜೆಯ ಕುಡಿತದ ಜೊತೆ, ನರನೋವಿನ ಪ್ರಿಗಾಬಲಿನ್ ಜೊತೆ ಈ ಮದ್ದು ಸೇರಿದರೆ ಉಸಿರು ನಿಧಾನವಾಗುತ್ತ ನಿಂತೇ ಹೋಗಬಹುದು. ತುಟಿ ನೀಲಿಗಟ್ಟಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಗಂಟಲಲ್ಲಿ ಗೊರಗೊರ ಸದ್ದು ಬರುತ್ತಿದ್ದರೆ ಮನೆಯವರು ‘ಗಾಢ ನಿದ್ದೆ’ ಎಂದು ಬಿಟ್ಟುಬಿಡುತ್ತಾರೆ. ಹಾಗೆ ಬಿಡಬಾರದು. ಕೂಡಲೇ 108ಕ್ಕೆ ಫೋನ್ ಮಾಡಬೇಕು. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಬೇಕು. ಉಸಿರು ನಿಂತಿದ್ದರೆ ಐದು ಸೆಕೆಂಡಿಗೊಮ್ಮೆ ಬಾಯಿಗೆ ಬಾಯಿಟ್ಟು ಊದಬೇಕು. ಹುಳಿನೀರು, ಮಜ್ಜಿಗೆ ಕುಡಿಸಿ ವಾಂತಿ ಮಾಡಿಸಲು ಹೋದರೆ ಅದು ಶ್ವಾಸಕೋಶಕ್ಕೇ ಇಳಿಯುತ್ತದೆ. ಇಂಥ ಹೊತ್ತಿಗೆ ನಾಲೊಕ್ಸೋನ್ ಎಂಬ ಇಂಜೆಕ್ಷನ್ ಇದೆ. ರಕ್ತನಾಳಕ್ಕೆ ಕೊಟ್ಟರೆ ಎರಡು ಮೂರು ನಿಮಿಷದಲ್ಲಿ ಉಸಿರು ಮರಳಿಸುತ್ತದೆ. ಆದರೆ ಅದರ ಪ್ರಭಾವ 30ರಿಂದ 90 ನಿಮಿಷ ಮಾತ್ರ, ಎಸ್‌ಆರ್ ಗುಳಿಗೆಯದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಎದ್ದು ಕೂತರೆಂದು ಮನೆಗೆ ಕಳಿಸಿದರೆ ಮತ್ತೆ ಉಸಿರು ಇಳಿಯುತ್ತದೆ. ನಮ್ಮ ಸಮುದಾಯ ಆರೋಗ್ಯ ಕೇಂದ್ರಗಳಲ್ಲೂ 108ರ ವಾಹನಗಳಲ್ಲೂ ಈ ಇಂಜೆಕ್ಷನ್ ಸದಾ ಇರುವಂತೆ ತಾವು ನೋಡಿಕೊಳ್ಳಬೇಕು.

ಪುಸ್ತಕದ ವಿಷಯಕ್ಕೆ ಬರುತ್ತೇನೆ. ಎಚ್‌1 ಪುಸ್ತಕದಲ್ಲಿ ಬರೆದ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಮದ್ದಿನ ಹೆಸರು, ಕೊಟ್ಟ ಪ್ರಮಾಣ ಇರಬೇಕು, ಪುಸ್ತಕವನ್ನು ಮೂರು ವರ್ಷ ಇಡಬೇಕು. ಬರೇ ಪುಸ್ತಕ ನೋಡಿದರೆ ಕಳ್ಳತನ ಸಿಗುವುದಿಲ್ಲ, ಚೀಟಿ ಇಲ್ಲದೆ ಕೊಟ್ಟದ್ದನ್ನು ಯಾರೂ ಬರೆದಿಡುವುದಿಲ್ಲ. ಹೋಲ್‌ಸೇಲಿನ ಬಿಲ್ಲನ್ನು ಎದುರಿಗಿಟ್ಟುಕೊಳ್ಳಬೇಕು. ಮೂರು ತಿಂಗಳಲ್ಲಿ 100 ಸ್ಟ್ರಿಪ್ ಬಂದು ಕಪಾಟಿನಲ್ಲಿ 20 ಉಳಿದಿದ್ದರೆ ಪುಸ್ತಕ 80ಕ್ಕೆ ಲೆಕ್ಕ ಕೊಡಬೇಕು. 15ಕ್ಕೆ ಮಾತ್ರ ಕೊಟ್ಟರೆ ಉಳಿದ 65 ಎಲ್ಲಿ? ಒಂದು ಅಂಗಡಿಗೆ ಅರ್ಧ ಗಂಟೆ ಸಾಕು. ಮದ್ದು ಕೊಟ್ಟ ಮೇಲೆ ಚೀಟಿಯ ಮೇಲೆ ಅಂಗಡಿಯ ಹೆಸರು, ತಾರೀಕು ಹಾಕುತ್ತಾರೋ ಎಂದೂ ನೋಡಬೇಕು. ಹಾಕದಿದ್ದರೆ ಒಂದೇ ಚೀಟಿ ಬೆಳಿಗ್ಗೆ ಉಪ್ಪಳದಲ್ಲಿ, ಮಧ್ಯಾಹ್ನ ತೊಕ್ಕೊಟ್ಟಿನಲ್ಲಿ ನಡೆಯುತ್ತದೆ. ಎರಡು ರಾಜ್ಯಗಳ ಗಡಿಯಾದ ತಲಪಾಡಿಯ ಆಚೆಗೊಂದು ಔಷಧ ನಿಯಂತ್ರಣ ಇಲಾಖೆ, ಈಚೆಗೊಂದು ಇಲಾಖೆ. ದಕ್ಷಿಣ ಕನ್ನಡದವರನ್ನೂ ಕೂರಿಸಿಕೊಂಡು ಒಂದು ಸಭೆ ಮಾಡಿಸಿ.

ಆಗದ ಕೆಲಸವೇನೂ ಅಲ್ಲ. ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ತಡೆಯಲು 2024ರ ಆರಂಭದಲ್ಲಿ ನಮ್ಮದೇ ರಾಜ್ಯ ಕೇರಳದಲ್ಲಿ ‘ಆಪರೇಷನ್ ಅಮೃತ್’ ತಪಾಸಣೆ ನಡೆದದ್ದು ತಮಗೆ ಗೊತ್ತಿದೆ. ಅದೇ ಅಧಿಕಾರಿಗಳು, ಅದೇ ಅಂಗಡಿ, ಅದೇ ಕಪಾಟು. ಪಕ್ಕದ ಸಾಲಿನ ಡಬ್ಬಿಯತ್ತಲೂ ನೋಡಲು ಹೇಳಿ.

ಮೇಲೆ ಹೇಳಿದ ಅಂಗಡಿಯ ಬಗ್ಗೆ ಒಂದು ಕಚೇರಿಗೆ ಕನ್ನಡದಲ್ಲಿ ದೂರು ಕೊಟ್ಟಿದ್ದೆ. ‘ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ’ ಎಂಬ ಉತ್ತರ ಬಂತು, ಅದೂ ಮಲಯಾಳದಲ್ಲಿ. ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ನಮಗೆ ಕೊಟ್ಟದ್ದನ್ನು ಶಾಸಕರಿಗೆ ನೆನಪಿಸಬೇಕಾಗಿ ಬಂದದ್ದಕ್ಕೆ ಬೇಸರವಿದೆ. ಭಾಷೆಯ ಅಭಿಮಾನಕ್ಕೆ ಹೇಳುತ್ತಿಲ್ಲ. ‘ಅಗಿಯಬಾರದು’ ಎಂಬ ಒಂದು ಮಾತು ಕನ್ನಡದಲ್ಲಿ ಕವರಿನ ಮೇಲಿದ್ದಿದ್ದರೆ ಆ ಮನುಷ್ಯ ಅಗಿಯುತ್ತಿರಲಿಲ್ಲ. ಗಡಿಯ ಮೆಡಿಕಲ್‌ಗಳಲ್ಲಿ ಈ ಮದ್ದಿನ ಜೊತೆ ಕನ್ನಡದ ಚೀಟಿ ಕೊಡಿಸಿ: ಎಷ್ಟು, ಎಷ್ಟು ದಿನ, ಯಾವುದರ ಜೊತೆ ಕೂಡದು.

ದಾಳಿ ಮಾಡುವ ಮೊದಲು ಎರಡು ಎಚ್ಚರಿಕೆ. ತಿಂಗಳುಗಟ್ಟಲೆ ತಿಂದವರಿಗೆ ಒಂದೇ ದಿನ ಗುಳಿಗೆ ನಿಂತರೆ ಮೈಕೈ ನೋವು, ಭೇದಿ, ಬೆವರು, ನಿದ್ದೆ ಬಾರದ ತಳಮಳ. ‘ಹಳೆ ನೋವೇ ಮರಳಿ ಬಂತು’ ಎಂದು ಅವರು ಮತ್ತೆ ಗುಳಿಗೆ ಹುಡುಕುತ್ತಾರೆ, ಸಿಗದಿದ್ದರೆ ಇದಕ್ಕಿಂತ ಕೆಟ್ಟದ್ದನ್ನು. ದಿನಕ್ಕೆ ಐವತ್ತರ ಎಂಟು ತಿನ್ನುವವರಿಗೆ ಎರಡು ವಾರಕ್ಕೊಮ್ಮೆ ಒಂದರಂತೆ ಡಾಕ್ಟರ ಕಣ್ಗಾವಲಿನಲ್ಲಿ ಇಳಿಸಿದರೆ ತಡೆದುಕೊಳ್ಳಬಹುದು. ಅಂಥವರು ಎಲ್ಲಿಗೆ ಹೋಗಬೇಕೆಂದು ಪ್ರತಿ ಆರೋಗ್ಯ ಕೇಂದ್ರದ ಗೋಡೆಯಲ್ಲಿ ಕನ್ನಡದಲ್ಲಿ ಬರೆಸಿ, ಸರಕಾರದ ವ್ಯಸನಮುಕ್ತಿ ಯೋಜನೆ ‘ವಿಮುಕ್ತಿ’ಯ 14405 ನಂಬರನ್ನೂ ಸೇರಿಸಿ. ಇನ್ನೊಂದು, ಕ್ಯಾನ್ಸರಿನ ನೋವಿಗೆ ಪಾಲಿಯೇಟಿವ್ (ನೋವು ಶಮನದ ಆರೈಕೆ) ಘಟಕದವರು ಕೊಡುವ ಮಾರ್ಫಿನ್‌ಗೆ ಯಾವ ತೊಡಕೂ ಆಗಬಾರದು. ಅಲ್ಲಿ ಚೀಟಿ ಇದೆ, ಲೆಕ್ಕ ಇದೆ, ಮನೆಗೆ ಹೋಗಿ ನೋಡುವ ನರ್ಸ್ ಇದ್ದಾರೆ. ಲೆಕ್ಕವಿಲ್ಲದ ಕಡೆ ಹಿಡಿಯಲಾಗದೆ ಲೆಕ್ಕವಿರುವ ಕಡೆ ಬಿಗಿ ಮಾಡಿದರೆ ನರಳುವವರು ಹಾಸಿಗೆ ಹಿಡಿದವರು.

ಮುಂದಿನ ತಾಲೂಕು ಅಭಿವೃದ್ಧಿ ಸಮಿತಿ ಸಭೆಯಲ್ಲಿ ಈ ವಿಷಯ ಎತ್ತಿ. ಎಷ್ಟು ಮೆಡಿಕಲ್‌ಗಳ ಎಚ್‌1 ಪುಸ್ತಕವನ್ನು ಬಿಲ್ಲಿನೊಂದಿಗೆ ತಾಳೆ ನೋಡಿದ್ದಾರೆ ಎಂದು ಲಿಖಿತ ಉತ್ತರ ಕೇಳಿ. ಪುಸ್ತಕ ನೋಡಿಸಿ, ಬಿಲ್ಲು ನೋಡಿಸಿ, ಪ್ರತಿ ಮೂರು ತಿಂಗಳಿಗೊಮ್ಮೆ ನೋಡಿಸಿ. ಸಿಕ್ಕ ಉತ್ತರವನ್ನು ನಮಗೂ ತಿಳಿಸಿ, ಕನ್ನಡದಲ್ಲಿ.

ಇತಿ,
ಗಡಿನಾಡಿನ ಒಬ್ಬ ಫಾರ್ಮಸಿಸ್ಟ್