ಬಿಸಿಲು, ಭೂತಾಯಿ ಮೀನು, ಸ್ಯಾಶೆ

ಮಲ್ಪೆ

ಪ್ರೀತಿಯ ಅಶ್ವಿನಿ,

ನಿನ್ನ ರಿಪೋರ್ಟ್ ನೋಡಿದೆ. ವಿಟಮಿನ್ ಡಿ 11 ಅಂತ ಇದೆ. 20ಕ್ಕಿಂತ ಕೆಳಗಿದ್ದರೆ ಕೊರತೆ ಅಂತಲೇ ಲೆಕ್ಕ. "ಔಷಧ ಯಾಕೆ ದೊಡ್ಡಮ್ಮ, ಬಿಸಿಲಿಗೆ ನಿಂತು ಮೀನು ತಿಂದರೆ ಸಾಲದಾ?" ಅಂತ ಕೇಳಿದ್ದೀಯ. ಈಗ ಸಾಲದು ಮಗಾ. ಡಾಕ್ಟರ್ ಬರೆದ 60,000 ಯೂನಿಟ್‌ನ ವಿಟಮಿನ್ ಡಿ ಸ್ಯಾಶೆಯನ್ನು (ಪುಡಿಯ ಪೊಟ್ಟಣ) ವಾರಕ್ಕೊಂದರಂತೆ, ಅವರು ಹೇಳಿದಷ್ಟು ವಾರ ತಗೋ. ಊಟದ ಜೊತೆ ತಗೋ. ಊಟದಲ್ಲಿ ಸ್ವಲ್ಪ ಎಣ್ಣೆ, ತುಪ್ಪ ಇದ್ದರೆ ಅದು ಮೈಗೆ ಚೆನ್ನಾಗಿ ಹಿಡಿಯುತ್ತದೆ.

ಬಿಸಿಲು ಬೇಡ ಅಂತಲ್ಲ. ಆದರೆ ನಮ್ಮಲ್ಲಿ ಎಲ್ಲರೂ ಹೇಳುವ ಬೆಳಗಿನ ಎಳೆಬಿಸಿಲಿನಿಂದ ಈ ಕೆಲಸ ಅಷ್ಟಾಗಿ ಆಗುವುದಿಲ್ಲ. ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ಯುವಿಬಿ ಕಿರಣ ಸೂರ್ಯ ಮೇಲೇರಿದಾಗಲೇ ನಮ್ಮವರೆಗೆ ಚೆನ್ನಾಗಿ ತಲುಪುವುದು. ನಿನ್ನ ನೆರಳು ನಿನಗಿಂತ ಗಿಡ್ಡ ಇರುವ ಹೊತ್ತಿಗೆ ಹೊರಗೆ ಬಾ. ಕೈಕಾಲಿಗೆ ಬಿಸಿಲು ತಾಗಲಿ. ನಮ್ಮಂಥ ಕಪ್ಪು ಮೈಬಣ್ಣಕ್ಕೆ ಬಿಳಿಯರಿಗಿಂತ ಜಾಸ್ತಿ ಹೊತ್ತು ಬೇಕು. ಹಾಗಂತ ಮೈ ಉರಿಯುವವರೆಗೆ ನಿಲ್ಲಬೇಡ. ಆಫೀಸಿನಲ್ಲಿ ಕಿಟಕಿ ಪಕ್ಕ ಕೂರುತ್ತೇನೆ ಅಂದೆಯಲ್ಲ, ಅದರಿಂದ ಪ್ರಯೋಜನ ಇಲ್ಲ. ಗಾಜು ಆ ಕಿರಣವನ್ನು ತಡೆದುಬಿಡುತ್ತದೆ.

ಇನ್ನು ಮೀನು. ಭೂತಾಯಿ, ಬಂಗುಡೆಯಂಥ ಎಣ್ಣೆ ಮೀನಿನಲ್ಲಿ ವಿಟಮಿನ್ ಡಿ ಇದೆ, ಬಿಡದೆ ತಿನ್ನು. ಮೊಟ್ಟೆಯನ್ನು ಮಾತ್ರ ನೆಚ್ಚಿಕೊಳ್ಳಬೇಡ. ದಿನಕ್ಕೆ ಬೇಕಾದ್ದು 600 ಯೂನಿಟ್, ಒಂದು ಹಳದಿಯಲ್ಲಿ ಸಿಗುವುದು ಸುಮಾರು 40.

ನಮ್ಮ ಕರಾವಳಿಯ ತಾಪತ್ರಯ ಬೇರೆಯೇ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಮೀನು ಹಿಡಿಯಲು ಕಡಲಿಗೆ ಇಳಿಯುವ ಹಾಗಿಲ್ಲ. ನಾಡದೋಣಿಯವರು ತಂದ ಅಷ್ಟಿಷ್ಟು ಮೀನಿಗೆ ಸಿಕ್ಕಾಪಟ್ಟೆ ರೇಟು. ಅದೇ ಹೊತ್ತಿಗೆ ಮೇಲೆ ಮೋಡ, ಬಿಸಿಲೂ ಇಲ್ಲ. ಅದಕ್ಕೇ ಮಳೆ ಹಿಡಿಯುವ ಮೊದಲೇ ಸ್ಯಾಶೆ ಶುರುಮಾಡು ಅಂತ ನನ್ನ ಒತ್ತಾಯ.

ಒಂದು ವಿಷಯಕ್ಕೆ ನನಗೆ ನಿಜವಾಗಿ ಹೆದರಿಕೆ. ವಾರಕ್ಕೊಂದು ಅಂತ ಬರೆದದ್ದನ್ನು ದಿನಾ ತಗೊಳ್ಳುವವರಿದ್ದಾರೆ. ಚೀಟಿ ಮುಗಿದ ಮೇಲೂ ಮೆಡಿಕಲ್‌ನಿಂದ ತಂದು ಮುಂದುವರಿಸುವವರೂ ಇದ್ದಾರೆ. ಇದು ಜಾಸ್ತಿಯಾದರೆ ಮೂತ್ರದಲ್ಲಿ ಸುಮ್ನೆ ಹೋಗಿಬಿಡುವುದಿಲ್ಲ, ಮೈಯಲ್ಲೇ ಉಳಿಯುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ವಾಂತಿ ಬರುತ್ತದೆ, ಕಿಡ್ನಿಗೂ ಪೆಟ್ಟು. ಅಮ್ಮನಿಗೆ ಕಾಲುನೋವು ಅಂತ ನಿನ್ನದರಲ್ಲಿ ಒಂದನ್ನು ಕೊಡಬೇಡ. ಅವಳಿಗೆ ಹಿಂದೆ ಕಿಡ್ನಿ ಕಲ್ಲು ಆಗಿತ್ತು, ಅಲ್ವಾ? ಮೊದಲು ಅವಳ ರಕ್ತವನ್ನೂ ಪರೀಕ್ಷೆ ಮಾಡಿಸು. ಅವಳ ರಿಪೋರ್ಟನ್ನೂ ನನಗೆ ಕಳಿಸು.

ಇಂತಿ,
ನಿನ್ನ ದೊಡ್ಡಮ್ಮ